ಎರಡನೇ ಕೌಂಟರು

ನೆಹರೂ ರಸ್ತೆಯ ಮೊದಲ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ನಾನು
ಸಮುದ್ರದಾಚೆಯ ದುಡ್ಡು ಎಣಿಸಿ ಕೊಡುತ್ತೇನೆ.
ಸಮುದ್ರ ನೋಡಿದ್ದು ಒಂದೇ ಸಲ, ಮರವಂತೆಯಲ್ಲಿ,
ಅದೂ ಬಸ್ಸಿನ ಕಿಟಕಿಯಿಂದ.

ಆ ದೇಶ ಎಷ್ಟು ದೊಡ್ಡದು ಅಂದರೆ
ಊರುಗಡೂರಿನ ಖೈರುನ್ನೀಸಾ ಹೇಳುತ್ತಾಳೆ:
ನಿಮ್ಮ ಹೊಸನಗರ ತಾಲ್ಲೂಕಿನಲ್ಲಿ ಅರ್ಧ.
ಮಳೆ ವರ್ಷಕ್ಕೆ ಮೂರು ಸಲ, ಬಂದರೆ ಬಂತು.
ಅವಳ ಗಂಡ ಅಲ್ಲಿ ರಸ್ತೆ ನಡುವಿನ ಹುಲ್ಲಿಗೆ ನೀರು ಹೊಡೆಯುತ್ತಾನೆ.
ಸರಕಾರದ ಹುಲ್ಲು, ಸರಕಾರದ ನೀರು,
ಗುತ್ತಿಗೆದಾರನ ಲಾರಿ.

ಮೊದಲು ದುಂಡು ಮೊತ್ತ ಬರುತ್ತಿತ್ತು,
ಆರನೇ ತಾರೀಕಿಗೆ ಇಪ್ಪತ್ತು ಸಾವಿರ.
ಈಗ ಹದಿನಾರು ಸಾವಿರದ ನಾನೂರ ಮೂವತ್ತೇಳು,
ತಾರೀಕು ಹೇಳುವಂತಿಲ್ಲ.
ಚಿಲ್ಲರೆ ಬಂತೆಂದರೆ ನನಗೆ ಗೊತ್ತಾಗುತ್ತದೆ,
ಆ ಕಡೆ ಯಾವನೋ ಮಂತ್ರಿ
ಪೆನ್ನಿನ ಮುಚ್ಚಳ ತೆಗೆದಿದ್ದಾನೆ.

ಪೆಟ್ರೋಲಿನ ಸಬ್ಸಿಡಿ ಹೋಯಿತು. ಪರದೇಶಿಗಳ ಕರೆಂಟಿಗೆ
ಬೇರೆ ದರ ಬಂತು. ಸಕ್ಕರೆ ಹಾಕಿದ ಶರಬತ್ತಿಗೂ ತೆರಿಗೆ.
ಇನ್ನು ಊರಿಗೆ ಕಳಿಸುವ ಹಣಕ್ಕೇ ನೂರಕ್ಕೆ ಎರಡು
ಅಂತ ಮಾತು ನಡೆದಿದೆಯಂತೆ, ಇನ್ನೂ ಪಾಸಾಗಿಲ್ಲ.

ನಮ್ಮ ಪೇಪರಿನ ಮೂಲೆಯಲ್ಲಿ ದಿನಾ ಜಲಾಶಯಗಳ ಮಟ್ಟ:
ತುಂಗಾ, ಭದ್ರಾ, ಲಿಂಗನಮಕ್ಕಿ.
ಹಿಂದಿನ ಪುಟದಲ್ಲಿ ಬ್ಯಾರಲ್ಲಿನ ರೇಟು.
ಸಾಲಿನಲ್ಲಿ ನಿಂತ ಹೆಂಗಸರು ಪುಟ ಮಗುಚುತ್ತಾರೆ.
"ಎಂಬತ್ತು ದಾಟಿದರೆ ಓವರ್‌ಟೈಮು,
ಅರವತ್ತಕ್ಕೆ ಇಳಿದರೆ ರೂಮಿಗೆ ಒಂಬತ್ತು ಜನ"
ಅನ್ನುತ್ತಾಳೆ ಗಾಡಿಕೊಪ್ಪದ ಸೆಲೆಸ್ತಿನ್ ಬಾಯಿ.
ಮಗಳು ಅಲ್ಲಿ ನರ್ಸು.

ಈ ಸೋಮವಾರ ಆಯನೂರಿಂದ ಈರಾ ನಾಯ್ಕರು ಬಂದಿದ್ದರು,
ಮೊಮ್ಮಗನ ದುಡ್ಡಿಗೆ. ಅವನು ಉಪ್ಪುನೀರು ಸಿಹಿ ಮಾಡುವ
ಕಾರ್ಖಾನೆಯಲ್ಲಿ ಫಿಟ್ಟರು.
"ಸುಧಾರಣೆ ಸುಧಾರಣೆ ಅಂತಾನೆ ಫೋನಲ್ಲಿ. ಹಂಗಂದ್ರೆ ಎಂತದು?"
ನಾನು ವಿವರಿಸಿದೆ: ಹುಟ್ಟುವಳಿ ಕಮ್ಮಿ, ಖರ್ಚು ಜಾಸ್ತಿ,
ಖೋತಾ. ಆರು ವರ್ಷದಲ್ಲಿ ತಕ್ಕಡಿ ಸಮ ಮಾಡುತ್ತಾರಂತೆ.

ಮುದುಕ ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿದರು.
"ಆ ಮಾತು ನಮ್ಮನಿಗೂ ಬಂದಿತ್ತು ಮಾರಾಯ,
ನಂಗೆ ಏಳು ವರ್ಷ. ಜೀಪಲ್ಲಿ ಬಂತು.
ಟೇಪು ಹಿಡ್ದು ಗೋಡೆ ಅಳೀತು,
ಹಲಸಿನ ಮರಕ್ಕೆ ನಂಬರು ಬರೀತು.
ಆಮೇಲೆ ನೀರಾಗಿ ಬಂತು, ಶರಾವತಿ.
ಅದರ ಲೈಟು ಎಲ್ಲೆಲ್ಲಿಗೋ ಹೋತು.
ನಾವು ಕೂತ ಕಾಡಿಗೆ ಕಂಬ ಬಂದದ್ದು
ನನ್ನ ಮದ್ವೆ ಆದ್ಮೇಲೆ."

ಸ್ವಲ್ಪ ಹೊತ್ತು ಬಿಟ್ಟು, ನೋಟು ಎಣಿಸುತ್ತಾ:
"ಅವರನ್ನೂ ಬೈಯೂಕಾಗದು. ನೆಲದೊಳಗಿನ ಎಣ್ಣೆ
ಬಾವಿ ನೀರಲ್ಲ ನೋಡು, ಮಳೆಗಾಲಕ್ಕೆ ತುಂಬೂಕೆ."
ಒಂದು ಐನೂರರ ನೋಟು ಹರಿದಿತ್ತು.
ಬದಲಿಸಿ ಕೊಟ್ಟೆ.

ಸಂಜೆ ಊರುಗಡೂರಿನ ಮೇಲೆ ಬಸ್ಸು ಹಾಯುವಾಗ
ತಾರಸಿಗಳನ್ನು ನೋಡುತ್ತೇನೆ.
ಅರ್ಧಕ್ಕೆ ನಿಂತ ಕಂಬಗಳಿಂದ ಕಬ್ಬಿಣದ ಸರಳು ಚಾಚಿವೆ,
ತುಕ್ಕು ಹಿಡಿಯದಿರಲೆಂದು ಒಂದೊಂದಕ್ಕೂ
ಪ್ಲಾಸ್ಟಿಕ್ ಬಾಟಲಿಯ ಟೋಪಿ.
ನನಗೀಗ ಕಣ್ಣಳತೆಯಲ್ಲೇ ತಿಳಿಯುತ್ತದೆ:
ಆ ಟೈಲ್ಸ್ ಹಾಕಿದ ಗೋಡೆ ಬ್ಯಾರಲ್ಲು ನೂರಿದ್ದಾಗಿನದು,
ಈ ಮೆಟ್ಟಿಲು ಎಪ್ಪತ್ತರದು,
ಬಾಗಿಲಿಲ್ಲದ ಆ ಚೌಕಟ್ಟಿಗೆ ಪರದೆ ಕಟ್ಟಿದ್ದು
ನಲವತ್ತಕ್ಕೆ ಕುಸಿದ ವರ್ಷ.

ಖೈರುನ್ನೀಸಾಳ ಮನೆ ಯಾವುದೋ ಗೊತ್ತಿಲ್ಲ.
ನನ್ನ ರಸೀದಿಯ ಹಿಂಬದಿಯಲ್ಲಿ ಅವಳೂ ಬಜೆಟ್ ಬರೆದಿದ್ದಳು:
ಸ್ಕೂಲ್ ವ್ಯಾನು ಹೊಡೆದು ಹಾಕಿ "ನಡೆದು" ಅಂತ,
ಹಾಲು ಒಂದು ಲೀಟರು ಹೊಡೆದು ಹಾಕಿ ಅರ್ಧ,
ಸ್ಲ್ಯಾಬು ಮುಂದಿನ ವರ್ಷ, ಅದನ್ನೂ ಹೊಡೆದು
ಪಕ್ಕದಲ್ಲಿ ಏನೂ ಬರೆದಿರಲಿಲ್ಲ.
ಪೆನ್ನು ವಾಪಸು ಕೊಟ್ಟಳು,
ಮುಚ್ಚಳ ಹಾಕಿ.